ಹಿಂಬದಿ ಇನ್ನೂ ಗಟ್ಟಿ, ಮುಂಬದಿಗೆ ಮುಪ್ಪು: ಹಳೆಯ ಫುಲ್ ಸಸ್ಪೆನ್ಷನ್ ಸೈಕಲ್‌ನ ದೀರ್ಘ ಬಳಕೆ

ತೊಂಬತ್ತರ ದಶಕದ ಕೊನೆಯ ಫುಲ್ ಸಸ್ಪೆನ್ಷನ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ, ಮೌಂಟನ್ ಬೈಕೊಂದನ್ನು ಹಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಗೋಡೆಗೆ ನೇತುಹಾಕಿ ನೋಡಿ ಸಂತೋಷಪಡುವುದಕ್ಕಲ್ಲ. ಕಲ್ಲು, ಬೇರು, ಕೆಸರಿನ ಹಾದಿಯಲ್ಲಿ ತುಳಿಯುವುದಕ್ಕೇ. ಇಂಥ ಸೈಕಲ್ ಈ ಕಾಲದಲ್ಲೂ ಚೆನ್ನಾಗಿ ಓಡುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ, ಅರ್ಧ ಸೈಕಲ್ ಚೆನ್ನಾಗಿ ಓಡುತ್ತದೆ ಎಂದು. ಎಲ್ಲರೂ ಅನುಮಾನದಿಂದ ನೋಡುವ ಹಿಂದಿನ ಸಸ್ಪೆನ್ಷನ್ ನನ್ನನ್ನು ಕಾಡಿದ್ದು ಕಡಿಮೆ. ವಯಸ್ಸು ಕಾಣಿಸುವುದು ಮುಂದಿನ ಅರ್ಧದಲ್ಲಿ, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಮತ್ತು ಹ್ಯಾಂಡಲ್‌ ಸುತ್ತಮುತ್ತ.

ನನ್ನದು ಅಲ್ಯೂಮಿನಿಯಂ ಫ್ರೇಮ್. ಹಿಂದೆ ನಾಲ್ಕು ಕೀಲಿನ ಜೋಡಣೆ, 100 ಮಿ.ಮೀ. ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರ. ಮುಂದೆ ಮೂಲತಃ 80 ಮಿ.ಮೀ. ಫೋರ್ಕ್. 26 ಇಂಚಿನ ಚಕ್ರ, ರಿಮ್ಮನ್ನು ಹಿಡಿಯುವ ವಿ-ಬ್ರೇಕ್, ಮುಂದೆ ಮೂರು ಹಿಂದೆ ಎಂಟು ಗೇರ್. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಹಳೆಯ ಸೈಕಲ್‌ನ ಹಣೆಬರಹ ಬರೆದಿರುವುದು ಸ್ಟಿಕರ್ ಮೇಲಲ್ಲ, ಕೀಲುಗಳನ್ನು ಎಲ್ಲಿಟ್ಟಿದ್ದಾರೆ ಎಂಬುದರಲ್ಲಿ.

ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಫೋರ್ಕ್ 1989ರಲ್ಲಿ ಬಂದ ಮೇಲೆ ಮುಂದಿನ ಸಸ್ಪೆನ್ಷನ್ ಹೇಗಿರಬೇಕು ಎಂಬುದು ಬೇಗನೇ ಇತ್ಯರ್ಥವಾಯಿತು. ಹಿಂದಿನದು ಹಾಗಾಗಲಿಲ್ಲ. ಮುಂದಿನ ಹತ್ತು ವರ್ಷ ಒಬ್ಬೊಬ್ಬರದು ಒಂದೊಂದು ಪ್ರಯೋಗ. ಅವುಗಳಲ್ಲಿ ನೋಡಲು ಅತ್ಯಂತ ಚೆಂದದ ಗುಂಪು ಯುಆರ್‌ಟಿ (ಯುನಿಫೈಡ್ ರಿಯರ್ ಟ್ರಯಾಂಗಲ್) ಎಂಬ ಜೋಡಣೆಯದು. ಟ್ರೆಕ್‌ನ ವೈ ಆಕಾರದ ಫ್ರೇಮ್, ಕ್ಲೈನ್‌ನ 'ಮಂತ್ರ' ಮಾದರಿ ಈ ಜಾತಿಯವು. ಇವುಗಳಲ್ಲಿ ಪೆಡಲ್ ತಿರುಗುವ ಅಚ್ಚು ಮುಖ್ಯ ಫ್ರೇಮಿನಲ್ಲಿರದೆ, ಹಿಂದಿನ ಚಕ್ರವನ್ನು ಹಿಡಿದ ತೋಳಿನಲ್ಲೇ ಇರುತ್ತದೆ. ಪೆಡಲ್‌ಗೂ ಚಕ್ರಕ್ಕೂ ನಡುವಿನ ದೂರ ಬದಲಾಗುವುದಿಲ್ಲ, ಚೈನು ಜಗ್ಗುವುದಿಲ್ಲ. ಕುಳಿತು ತುಳಿಯುವಾಗ ಸೊಗಸು. ಆದರೆ ಎದ್ದು ನಿಂತರೆ ನಿಮ್ಮ ಭಾರವೆಲ್ಲ ಆ ತೋಳಿನ ಮೇಲೆಯೇ ಬಿದ್ದು ಸಸ್ಪೆನ್ಷನ್ ಬಹುಪಾಲು ಬಿಗಿದುಕೊಳ್ಳುತ್ತದೆ. ಒರಟು ಇಳಿಜಾರಿನಲ್ಲಿ ಎಲ್ಲರೂ ನಿಂತೇ ಇಳಿಯುವುದು. ಬೇಕಾದ ಹೊತ್ತಿಗೆ ಮಲಗುವ ಸಸ್ಪೆನ್ಷನ್ ಇದ್ದೇನು ಫಲ? ಈ ಫ್ರೇಮ್‌ಗಳನ್ನು ಸಂಗ್ರಹಕಾರರಿಗೆ ಬಿಟ್ಟುಬಿಡುವುದು ಮೇಲು.

ನನ್ನ ಸೈಕಲ್‌ನದು ಬೇರೆ ಕಥೆ. ಎಎಂಪಿ ರಿಸರ್ಚ್‌ನ ಹೋರ್ಸ್ಟ್ ಲೈಟ್ನರ್ ಒಂದು ಕೀಲನ್ನು ಹಿಂದಿನ ಅಚ್ಚಿಗಿಂತ ತುಸು ಮುಂದೆ, ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಕೊಳವೆಯಲ್ಲಿ ಇಟ್ಟರು. ಇದರಿಂದ ಚಕ್ರ ಮುಖ್ಯ ಫ್ರೇಮಿಗೆ ನೇರವಾಗಿ ಅಂಟಿಕೊಳ್ಳದೆ ಬ್ರೇಕ್ ಹಿಡಿದಾಗಲೂ ಹಿಂಭಾಗ ಸಲೀಸಾಗಿ ಆಡುತ್ತದೆ. ಸ್ಪೆಷಲೈಸ್ಡ್ ಕಂಪನಿ 1998ರಲ್ಲಿ ಈ ಪೇಟೆಂಟನ್ನು ಕೊಂಡಿತು. ಅದರ ಅವಧಿ ಮುಗಿದ ಮೇಲೆ ಉಳಿದವರೂ ಧಾರಾಳವಾಗಿ ಬಳಸತೊಡಗಿದರು. ಇಂದಿನ ಎಷ್ಟೋ ದುಬಾರಿ ಸೈಕಲ್‌ಗಳ ಹಿಂಭಾಗ ಇದೇ ಲೆಕ್ಕಾಚಾರದ್ದು. ಹಾಗಾಗಿ ಬೇರುಗಳು ಹೆಣೆದುಕೊಂಡ ಏರಿನಲ್ಲಿ ನನ್ನ ಹಿಂದಿನ ಚಕ್ರ ನೆಲವನ್ನು ಹಿಡಿದು ಹತ್ತುವುದನ್ನು ಕಂಡು ಹೊಸ ಸೈಕಲ್‌ನವರು ಅಚ್ಚರಿಪಟ್ಟರೆ ನನಗೆ ಅಚ್ಚರಿಯಿಲ್ಲ. ಒಂದೇ ಕೀಲಿನ ಸರಳ ಫ್ರೇಮ್‌ಗಳೂ ಕೆಟ್ಟವಲ್ಲ. ಬ್ರೇಕ್ ಹಿಡಿದಾಗ ಹಲವು ಫ್ರೇಮ್‌ಗಳು ಕೊಂಚ ಬಿಗಿಯುತ್ತವೆ, ಆದರೆ ಸವೆಯಲು ಇರುವುದು ಒಂದೇ ಕೀಲು.

ಏರಿನ ಮಾತು ಬಂದಿದ್ದರಿಂದ ಗೇರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ತಟ್ಟೆಯಷ್ಟು ದೊಡ್ಡ ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು) ಇಲ್ಲದೆ ಕಡಿದಾದ ಏರು ಹತ್ತಲಾಗದು ಎಂದು ನಂಬಿದವರಿದ್ದಾರೆ. ಲೆಕ್ಕ ಹಾಕಿ ನೋಡಿ. ಹಳೆಯದರಲ್ಲಿ ಮುಂದೆ 22, ಹಿಂದೆ 32 ಹಲ್ಲು, 26 ಇಂಚಿನ ಚಕ್ರ. ಹೊಸದರಲ್ಲಿ ಮುಂದೆ 32, ಹಿಂದೆ 52, 29 ಇಂಚಿನ ಚಕ್ರ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ಚಕ್ರದ ಅಳತೆಯಿಂದ ಗುಣಿಸಿದರೆ ಎರಡಕ್ಕೂ ಬರುವುದು ಸುಮಾರು 17.9. ಅಂದರೆ ಅತ್ಯಂತ ಹಗುರ ಗೇರಿನಲ್ಲಿ ಒಂದು ಸುತ್ತು ತುಳಿದರೆ ಎರಡೂ ಮುಂದೆ ಹೋಗುವುದು ಒಂದೇ ದೂರ. ಒಂದು ವ್ಯತ್ಯಾಸ ನಿಜ: ಮುಂದಿನ ಸಣ್ಣ ಹಲ್ಲುಚಕ್ರದಲ್ಲಿ ತುಳಿಯುವಾಗ ಚೈನಿನ ಸೆಳೆತಕ್ಕೆ ಹಿಂಭಾಗ ಬಿಗಿದುಕೊಂಡು, ಕಲ್ಲಿಗೆ ತಾಗಿದಾಗ ಪೆಡಲ್ ಪಾದವನ್ನು ಹಿಂದಕ್ಕೆ ಒದ್ದಂತಾಗುತ್ತದೆ. ಮಧ್ಯದ ಚಕ್ರಕ್ಕೆ ಬಂದರೆ ಅದು ಇಳಿಯುತ್ತದೆ. ಎದ್ದು ನಿಂತು ತುಳಿದರೆ ಹಿಂದಿನ ಪೆಟ್ಟು ಹೀರುವ ಶಾಕ್ ಕುಣಿಯುತ್ತದೆ. ಅದನ್ನು ತಡೆಯುವ ಲಿವರ್ ಇದರಲ್ಲಿಲ್ಲ. ಕುಳಿತು, ಒಂದೇ ಲಯದಲ್ಲಿ ತುಳಿಯಬೇಕು.

ಈಗ ಇಳಿಜಾರು. ಅಂದಿನ ಫ್ರೇಮ್‌ಗಳ ಮುಂದಿನ ಕೋನ, ಅಂದರೆ ಫೋರ್ಕ್ ಕೂರುವ ಕೊಳವೆ ನೆಲದೊಂದಿಗೆ ಮಾಡುವ ಕೋನ, ಸುಮಾರು 71 ಡಿಗ್ರಿ. ಇಂದಿನ ಕಾಡುಹಾದಿಯ ಟ್ರೇಲ್ ಸೈಕಲ್‌ಗಳದು 64ರಿಂದ 66. ಅಂದು ಸ್ಟೆಮ್ (ಹ್ಯಾಂಡಲ್ ಅನ್ನು ಫೋರ್ಕಿಗೆ ಜೋಡಿಸುವ ತುಂಡು) 120 ಮಿ.ಮೀ. ಆಸುಪಾಸು, ಹ್ಯಾಂಡಲ್‌ನ ಅಗಲ 580 ಮಿ.ಮೀ. ಇದ್ದರೆ ಹೆಚ್ಚು. ಈ ಅಂಕಿಗಳು ಏನು ಮಾಡುತ್ತವೆ ಎಂದು ತಿಳಿಯಲು ಒಂದು ಗೇಣು ಎತ್ತರದ ಕಲ್ಲಿನ ಮೆಟ್ಟಿಲೊಂದನ್ನು ನಿಧಾನವಾಗಿ ಇಳಿದರೆ ಸಾಕು. ಮುಂದಿನ ಚಕ್ರ ಕೆಳಗೆ ಬೀಳುತ್ತದೆ, ಫೋರ್ಕ್ ಕುಸಿಯುತ್ತದೆ. ಕುಸಿದ ಫೋರ್ಕ್ ಆ 71 ಡಿಗ್ರಿಯನ್ನು ಇನ್ನೂ ನೆಟ್ಟಗಾಗಿಸುತ್ತದೆ. ಅದೇ ಕ್ಷಣ ಹಿಂಭಾಗ ಮೇಲೇಳುತ್ತದೆ. ಉದ್ದದ ಸ್ಟೆಮ್ ಈಗಾಗಲೇ ಮುಂದಕ್ಕೆ ಎಳೆದಿಟ್ಟಿರುವ ನಿಮ್ಮ ಎದೆ ಚಕ್ರದ ಅಚ್ಚನ್ನು ದಾಟಲು ಹವಣಿಸುತ್ತದೆ. ಈ ಹೊತ್ತಿನಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಸೀಟು ಇಳಿಸಿ, ಹೊಟ್ಟೆಯನ್ನು ಸೀಟಿನ ಹಿಂದಕ್ಕೆ ಒಯ್ದು ಇಳಿಯುವ ಹಳೆಯ ಪಾಠ ಹುಟ್ಟಿದ್ದೇ ಇಂಥ ಸೈಕಲ್‌ಗಳಿಂದ. ಹಿಂದಿನ ಸಸ್ಪೆನ್ಷನ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ನೆರವಿಗೆ ಬರಲಾರದು.

ಇದೇ ಸೈಕಲ್ ಇಕ್ಕಟ್ಟಾದ, ತಿರುವು ಹೆಚ್ಚಿರುವ, ಸಮತಟ್ಟಿಗೆ ಹತ್ತಿರದ ಹಾದಿಗೆ ಬಂದರೆ ಬೇರೆಯೇ ಆಗುತ್ತದೆ. ಮರಗಳ ನಡುವೆ ನುಸುಳುವಾಗ ಉದ್ದನೆಯ ಹೊಸ ಸೈಕಲ್‌ಗಳನ್ನು ತಿರುಗಿಸಲು ಮೈಯೆಲ್ಲ ವಾಲಿಸಬೇಕು. ಇದಕ್ಕೆ ಬೆರಳ ಸೂಚನೆ ಸಾಕು. ಆ ನೆಟ್ಟನೆಯ ಕೋನವನ್ನು ಆರಿಸಿದವರು ದಡ್ಡರಲ್ಲ. ಅವರಿಗೆ ಬೇಕಾಗಿದ್ದು ಏರು ಮತ್ತು ತಿರುವು, ಅದನ್ನು ಕೊಟ್ಟರು.

ಫೋರ್ಕ್ ಬಗ್ಗೆ ವಿವರವಾಗಿಯೇ ಹೇಳಬೇಕು. ಆ ಕಾಲದ ಬಹಳಷ್ಟು ಫೋರ್ಕ್‌ಗಳ ಒಳಗೆ ಸ್ಪ್ರಿಂಗ್ ಬದಲು ಪಾಲಿಯುರೆಥೇನ್‌ನ ರಬ್ಬರಿನಂಥ ತುಂಡುಗಳಿದ್ದವು, ಇಲಾಸ್ಟೋಮರ್ ಎನ್ನುತ್ತಾರೆ. ನನ್ನದರ ಮುಚ್ಚಳ ಬಿಚ್ಚಿ ಕಡ್ಡಿಯನ್ನು ಹೊರಗೆಳೆದಾಗ ಮೇಲಿನ ಎರಡು ತುಂಡು ಕಲ್ಲಿನಷ್ಟು ಗಟ್ಟಿಯಾಗಿದ್ದವು. ಕೆಳಗಿನವು ಬಿಸಿಲಿಗೆ ಕರಗಿದ ಡಾಂಬರಿನಂತೆ ಕೊಳವೆಯ ಗೋಡೆಗೆ ಮೆತ್ತಿಕೊಂಡಿದ್ದವು. ಕೆರೆದು ತೆಗೆಯುವಷ್ಟರಲ್ಲಿ ಬೆರಳು, ಬಟ್ಟೆ, ಸ್ಕ್ರೂಡ್ರೈವರ್ ಎಲ್ಲ ಒಂದೇ ಬಣ್ಣ. ಓಡಿಸದೆ ಇಟ್ಟ ಮಾತ್ರಕ್ಕೆ ಈ ವಸ್ತು ಉಳಿಯುವುದಿಲ್ಲ. ಕಾಲವೇ ಅದನ್ನು ತಿನ್ನುತ್ತದೆ. ಆದ್ದರಿಂದ 'ಹೊಸದರಂತಿದೆ, ಬಳಸಿಯೇ ಇಲ್ಲ' ಎಂಬ ಜಾಹೀರಾತಿಗೆ ಮರುಳಾಗಬೇಡಿ.

ಕೊನೆಗೆ ಸ್ಪ್ರಿಂಗ್ ಮತ್ತು ಎಣ್ಣೆ ತುಂಬಿದ, ಕೆಲವು ವರ್ಷ ಈಚಿನ 100 ಮಿ.ಮೀ. ಫೋರ್ಕ್ ಹಾಕಿದೆ. ಈ ಬಗೆಗೆ ದಾರಿ ತೋರಿಸಿದ್ದು 1997ರ ಮಾರ್ಝೋಕಿ ಬಾಂಬರ್ ಝಡ್1. ಎಣ್ಣೆಯಲ್ಲಿ ಮುಳುಗಿರುವ ಒಳಭಾಗ, ಕಾಲಕಾಲಕ್ಕೆ ಎಣ್ಣೆ ಬದಲಿಸಿದರೆ ಬಹುಕಾಲ ಬಾಳುವ ಜಾತಿ. ಫೋರ್ಕ್ 20 ಮಿ.ಮೀ. ಉದ್ದವಾದರೆ ಮುಂದಿನ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ. ಒಂದೇ ಡಿಗ್ರಿಯಾದರೂ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಇದಕ್ಕಿಂತ ಉದ್ದದ್ದನ್ನು ಹಾಕುವ ಆಸೆ ಬೇಡ, ಫೋರ್ಕ್ ಕೂರುವ ಕೊಳವೆಯಾದ ಹೆಡ್ ಟ್ಯೂಬಿನ ಬೆಸುಗೆ ಅಷ್ಟು ಸೆಳೆತಕ್ಕೆಂದು ಮಾಡಿದ್ದಲ್ಲ. ಅಂಗಡಿಯ ಹೊಸ ಫೋರ್ಕ್ ಹಾಕೋಣವೆಂದರೆ ಅದರ ಮೇಲಿನ ಕೊಳವೆ ಬುಡದಲ್ಲಿ ದಪ್ಪವಾಗಿರುತ್ತದೆ. ಹಳೆಯ ಫ್ರೇಮ್ ಒಪ್ಪುವುದು 28.6 ಮಿ.ಮೀ.ನ ನೇರ ಕೊಳವೆಯನ್ನು ಮಾತ್ರ. ಸ್ಟೆಮ್ ಅನ್ನು 80 ಮಿ.ಮೀ.ಗೆ ಇಳಿಸಿ, ಹ್ಯಾಂಡಲ್ ಅನ್ನು 700 ಮಿ.ಮೀ.ಗೆ ಅಗಲಿಸಿದೆ. ಇನ್ನೂ ಗಿಡ್ಡ ಸ್ಟೆಮ್ ಹಾಕಿದರೆ ಫ್ರೇಮೇ ಗಿಡ್ಡವಾದ್ದರಿಂದ ಮೊಣಕಾಲು ಹ್ಯಾಂಡಲ್‌ಗೆ ತಗಲುತ್ತದೆ.

ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಟೈರು. 1.95 ಇಂಚಿನ ಒಣಕಲು ಟೈರು ತೆಗೆದು 2.25 ಇಂಚಿನ ಹೊಸ ರಬ್ಬರ್ ಹಾಕಿ ಗಾಳಿ ತಗ್ಗಿಸಿದರೆ ಬೇರೆಯದೇ ಸೈಕಲ್ ಏರಿದ ಹಾಗೆ. 26 ಇಂಚಿನ ಟೈರುಗಳು ಇನ್ನೂ ಸಿಗುತ್ತವೆ, ಆಯ್ಕೆ ಮಾತ್ರ ಕುಗ್ಗಿದೆ. ಬ್ರೇಕ್ ಬಗ್ಗೆ ಎರಡೇ ಮಾತು: ಒಣಗಿದ್ದಾಗ ವಿ-ಬ್ರೇಕ್ ಸಾಕು, ಒದ್ದೆಯಾದಾಗ ಸಾಲದು. ಫೋರ್ಕ್‌ನಲ್ಲಿ ಡಿಸ್ಕ್ ಬ್ರೇಕ್ ಕೂರಿಸುವ ಕಿವಿಗಳಿದ್ದರೆ ಮುಂದಿನದನ್ನಾದರೂ ಬದಲಿಸಿಕೊಳ್ಳಿ.

ಹಿಂದಿನ ಕೀಲುಗಳನ್ನು ಪರೀಕ್ಷಿಸುವುದು ಸುಲಭ. ಶಾಕ್ ಫ್ರೇಮಿಗೆ ಸೇರುವ ಬೋಲ್ಟಿನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯಿಂದ ಸೀಟನ್ನು ಮೆಲ್ಲನೆ ಎತ್ತಿ. ಹಿಂದಿನ ಚಕ್ರ ನೆಲ ಬಿಡುವ ಮೊದಲೇ 'ಟಕ್' ಎಂದು ಬೆರಳಿಗೆ ತಟ್ಟಿದರೆ ಕೀಲಿನೊಳಗಿನ ಬಳೆಯಂಥ ಬುಷ್ ಸವೆದಿದೆ. ಬೇರಿಂಗ್ ಇರುವ ಕೀಲಾದರೆ ಅದರ ಅಂಚಿನಲ್ಲಿ 608, 688 ಎಂಬಂಥ ಸಂಖ್ಯೆ ಕೆತ್ತಿರುತ್ತದೆ. ಯಂತ್ರಗಳ ಬೇರಿಂಗ್ ಮಾರುವವರ ಬಳಿ ಅದೇ ಸಿಗುತ್ತದೆ. ಬುಷ್ ಇರುವುದಾದರೆ ಲೇತ್ ಕೆಲಸದವರು ಕಂಚಿನಲ್ಲಿ ಕಡೆದುಕೊಡುತ್ತಾರೆ, ನನ್ನವು ಹಾಗೆ ಕಡೆಸಿದವೇ. ಶಾಕ್ ಹೋದರೂ ಗಾಬರಿಯಿಲ್ಲ. ಎರಡು ತುದಿಯ ರಂಧ್ರಗಳ ನಡುವಿನ ಅಂತರ ಅಳೆಯಿರಿ, 165 ಮಿ.ಮೀ.ನಂಥ ಚಾಲ್ತಿ ಅಳತೆಯಾದರೆ ಬದಲಿ ಸಿಗುತ್ತದೆ. ವಿಚಿತ್ರ ಅಳತೆಯದಾದರೆ ಫ್ರೇಮನ್ನು ಕೊಳ್ಳಬೇಡಿ.

ಕಡಿದಾದ ಕಲ್ಲಿನ ಇಳಿಜಾರೇ ನಿಮ್ಮ ನಿತ್ಯದ ಹಾದಿಯಾದರೆ, ಹಳೆಯ ಫುಲ್ ಸಸ್ಪೆನ್ಷನ್‌ಗಿಂತ ಇಂದಿನ ಕೋನಗಳಿರುವ, ಹಿಂದೆ ಸಸ್ಪೆನ್ಷನ್ನೇ ಇಲ್ಲದ ಸೈಕಲ್ ಹೆಚ್ಚು ಸುರಕ್ಷಿತ. ಏರು, ಬೇರು, ತಿರುವುಗಳಾದರೆ ನನ್ನದನ್ನು ಬದಲಿಸುವ ಯೋಚನೆ ನನಗಿನ್ನೂ ಬಂದಿಲ್ಲ. ಕೊಳ್ಳುವ ಮುನ್ನ ಹೆಡ್ ಟ್ಯೂಬಿನ ಹಿಂಬದಿ, ಶಾಕ್ ಕೂರುವ ಜಾಗ, ಕೀಲುಗಳ ಸುತ್ತಲಿನ ಬೆಸುಗೆ, ಇಷ್ಟನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೂ ನಮಸ್ಕಾರ ಹೇಳಿ ಹೊರಡಿ. ಇನ್ನೊಂದು ಸಣ್ಣ ವಿಷಯವನ್ನು ಯಾರೂ ಕೇಳುವುದಿಲ್ಲ: ಗೇರ್ ಬದಲಿಸುವ ಹಿಂದಿನ ಡಿರೈಲರ್ ಅನ್ನು ಹಿಡಿದಿರುವ ಹ್ಯಾಂಗರ್. ಬೆರಳುದ್ದದ ಆ ಲೋಹದ ತುಂಡು ಫ್ರೇಮ್‌ನಿಂದ ಫ್ರೇಮ್‌ಗೆ ಬೇರೆ ಆಕಾರದ್ದು, ಬಿದ್ದಾಗ ಮೊದಲು ಬಾಗುವುದೂ ಅದೇ. ಅದು ಎಲ್ಲಾದರೂ ಸಿಗುತ್ತದೆಯೇ ಎಂದು ಮೊದಲು ಹುಡುಕಿ, ಆಮೇಲೆ ಸೈಕಲ್‌ಗೆ ಹಣ ಕೊಡಿ. ಸಿಕ್ಕರೆ ಎರಡು ತೆಗೆದಿಟ್ಟುಕೊಳ್ಳಿ.