ಅಪ್ಪನ 38 ಕ್ಯಾಸೆಟ್, ಚಿಕ್ಕಪೇಟೆಯ ಮಹಡಿ ಅಂಗಡಿ: ಐದಕ್ಕೆ ಮೂರೂವರೆ ಸ್ಟಾರ್

ಮನೆಯ ಅಟ್ಟದಲ್ಲಿ ಹಳೇ ಕ್ಯಾಸೆಟ್ ಇಟ್ಟುಕೊಂಡು ಏನು ಮಾಡೋದು ಅಂತ ಯೋಚಿಸುತ್ತಿರುವವರು ಓದಿ. ಉಳಿದವರು ಸುಮ್ನೆ ಮುಂದೆ ಹೋಗಬಹುದು, ಬೇಜಾರಿಲ್ಲ.

ಅಪ್ಪ ರೇಡಿಯೋದಿಂದ ರೆಕಾರ್ಡ್ ಮಾಡಿಟ್ಟಿದ್ದ 38 ಕ್ಯಾಸೆಟ್ ಇದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯೊಂದು ಚಿಕ್ಕಪೇಟೆ ಕಡೆ ಇದೆ ಅಂತ ಗೊತ್ತಾಗಿ ಅಲ್ಲಿಗೆ ಕೊಟ್ಟೆ. ಅಂಗಡಿಯ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ. ಮೊದಲ ಮಹಡಿ, ಕಡಿದಾದ ಮೆಟ್ಟಿಲು, ಕೆಳಗೆ ಸೀರೆ ಅಂಗಡಿ. ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ರೇಟು ಮೊದಲು ಹೇಳಿಬಿಡುತ್ತೇನೆ. 60 ನಿಮಿಷದ ಕ್ಯಾಸೆಟ್‌ಗೆ 150 ರೂಪಾಯಿ, 90 ನಿಮಿಷದ್ದಕ್ಕೆ 200. ನನ್ನವು 12 ಸಣ್ಣವು, 26 ದೊಡ್ಡವು, ಒಟ್ಟು 7,000 ಆಯಿತು. ಚೌಕಾಸಿ ಮಾಡಿ 6,500ಕ್ಕೆ ಇಳಿಸಿದೆ. ಎರಡು ವಾರ ಅಂದರು, ಐದು ವಾರ ಹಿಡಿಯಿತು. ಫೋನ್ ಮಾಡಿದಾಗಲೆಲ್ಲ "ನಾಳೆ ಬನ್ನಿ ಸಾರ್" ಎಂಬ ಒಂದೇ ಪಲ್ಲವಿ.

ಆದರೆ ಅಂಗಡಿಯ ಯಜಮಾನರು ಕೆಲಸ ಗೊತ್ತಿರುವ ಮನುಷ್ಯ, ಅದನ್ನು ಒಪ್ಪಲೇಬೇಕು. ನಾನು ಕೊಟ್ಟ ಮೊದಲ ಕ್ಯಾಸೆಟ್‌ನಲ್ಲೇ ಟೇಪಿನ ಹಿಂದೆ ಇರುವ ಆ ಪುಟ್ಟ ಫೆಲ್ಟ್ ತುಂಡು ಕಳಚಿ ಬಿದ್ದಿತ್ತು. ಅದಿಲ್ಲದಿದ್ದರೆ ಟೇಪು ಅದನ್ನು ಓದುವ ಹೆಡ್ಡಿಗೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ, ಹಾಡು ನೀರೊಳಗಿಂದ ಕೇಳಿದ ಹಾಗಿರುತ್ತದೆ. ಯಜಮಾನರು ಐದು ಸ್ಕ್ರೂ ಬಿಚ್ಚಿ, ಟೇಪಿನ ಎರಡೂ ಉಂಡೆಗಳನ್ನು ಅಲುಗಾಡದ ಹಾಗೆ ಎತ್ತಿ, ಬೇರೆ ಕ್ಯಾಸೆಟ್ಟಿನ ಚಿಪ್ಪಿನಲ್ಲಿ ಕೂರಿಸಿದರು. ಆಮೇಲೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತರು. ಮಂಕಾಗಿದ್ದ ತಂಬೂರಿ ಒಂದು ಕಡೆ ಬಂದಾಗ ಥಟ್ ಅಂತ ತೆರೆದುಕೊಂಡಿತು. ನನ್ನ ಕಿವಿಗೂ ಒಂದು ಸಲ ಕೊಟ್ಟರು. ಮೂರೂವರೆ ಸ್ಟಾರಿನಲ್ಲಿ ಎರಡು ಆ ಒಂದು ನಿಮಿಷಕ್ಕೇ.

ಕ್ಯಾಸೆಟ್‌ಗಳಲ್ಲಿ ಏನಿತ್ತು ಅಂತ ಹೇಳಬೇಕು. ಹೆಚ್ಚಿನವು ಆಕಾಶವಾಣಿಯ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಕೆಲವು ಬೆಂಗಳೂರು, ಮೈಸೂರು ನಿಲಯದ ಬೆಳಗಿನ ಕಚೇರಿಗಳು, ನಾಲ್ಕೈದು ಸುಗಮ ಸಂಗೀತ. ಅಪ್ಪ ಟೂ-ಇನ್-ಒನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ) ಮುಂದೆ ಕಾವಲುಗಾರನ ಹಾಗೆ ಕೂರುತ್ತಿದ್ದರು. ಕ್ಯಾಸೆಟ್ಟಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು, ರಾಗ, ತಾಳ, ಪಕ್ಕದಲ್ಲಿ ಒಂದು ಷರಾ. "ತೋಡಿ, ಅರ್ಧ. ಕರೆಂಟ್ ಹೋಯ್ತು." ಇನ್ನೊಂದರಲ್ಲಿ "ತನಿ ಇಲ್ಲ, ವಾರ್ತೆ ಬಂತು." ತನಿ ಅಂದರೆ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ.

ಅಂಗಡಿಯ ಹುಡುಗ ಚೀಟಿ ಓದಿ ಕೇಳಿದ: "ಸಾರ್, ಇದು ಗೌರ್ಮೆಂಟ್ ರೇಡಿಯೋದ್ದಲ್ವಾ, ಹಂಗಾದ್ರೆ ಫ್ರೀ ತಾನೇ?"

ಫ್ರೀ ಎಲ್ಲಿ ಬಂತಪ್ಪಾ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ನಮ್ಮ ಮನೆಯಲ್ಲಿ ಆ ಪುಸ್ತಕ ಇನ್ನೂ ಇದೆ, ಒಳಗೆ ಸ್ಟಾಂಪ್ ಅಂಟಿಸಿ ಮುದ್ರೆ ಒತ್ತಿದ್ದಾರೆ. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ಆಮೇಲೂ ನಡೆದದ್ದು ನಮ್ಮ ತೆರಿಗೆ ದುಡ್ಡಿನಲ್ಲೇ.

ಆ ದುಡ್ಡಿನಿಂದ ಒಳ್ಳೆಯದೇ ಆಗಿದೆ, ನಾನು ಇಲ್ಲ ಅನ್ನುವುದಿಲ್ಲ. ಆಕಾಶವಾಣಿ ಎಂಬ ಹೆಸರೇ ನಮ್ಮ ಮೈಸೂರಿನದು. ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು, ಸರ್ಕಾರ ಕೈಗೆತ್ತಿಕೊಂಡದ್ದು ಆಮೇಲೆ. ಅರಮನೆಯ ಆಶ್ರಯ ಮುಗಿದ ಮೇಲೆ ಎಷ್ಟೋ ವಿದ್ವಾಂಸರ ಮನೆಯ ಒಲೆ ಉರಿದದ್ದು ರೇಡಿಯೋ ಚೆಕ್ಕಿನಿಂದ. ವೈಣಿಕ ದೊರೆಸ್ವಾಮಿ ಅಯ್ಯಂಗಾರ್ ಅಂಥವರೂ ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. "ನಿಲಯದ ಕಲಾವಿದರಿಂದ" ಅಂತ ಕೇಳಿ ಬೆಳೆದವರಿಗೆ ಆ ಮಾತಿನ ಹಿಂದೆ ಒಂದು ತಿಂಗಳ ಸಂಬಳ ಇತ್ತು ಅನ್ನೋದು ಹೊಳೆದಿರಲಿಕ್ಕಿಲ್ಲ.

ಆದರೆ ಸರ್ಕಾರದ ಉಪ್ಪು ತಿಂದ ಮೇಲೆ ಸರ್ಕಾರದ ಮಾತೂ ಕೇಳಬೇಕು. ಹಾರ್ಮೋನಿಯಂ ನಮ್ಮ ರಾಗಕ್ಕೆ ಒಗ್ಗುವುದಿಲ್ಲ ಅಂತ 1940ರಲ್ಲಿ ರೇಡಿಯೋದಿಂದ ಹೊರಗೆ ಹಾಕಿದರು. 1971ರವರೆಗೆ ಅದಕ್ಕೆ ಬಾಗಿಲು ಮುಚ್ಚಿತ್ತು. ಕಂಪನಿ ನಾಟಕದ ಮೇಷ್ಟ್ರುಗಳನ್ನು ಕೇಳಿ, ಹಾರ್ಮೋನಿಯಂ ಇಲ್ಲದೆ ಅವರಿಗೆ ತೆರೆ ಏಳುತ್ತಿರಲಿಲ್ಲ! ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ಪ್ರಸಾರ ಖಾತೆ ಮಂತ್ರಿಯಾಗಿದ್ದಾಗ, 1952ರಲ್ಲಿ, ಸಿನಿಮಾ ಹಾಡು ಆಕಾಶವಾಣಿಯಿಂದ ಮಾಯವಾಯಿತು. ಶಾಸ್ತ್ರೀಯ ಸಂಗೀತ ಕೇಳಿ ಜನ ಸುಧಾರಿಸಲಿ ಅನ್ನುವುದು ಅವರ ಆಸೆ. ಜನ ಸುಧಾರಿಸಲಿಲ್ಲ, ಮುಳ್ಳು ತಿರುಗಿಸಿ, ಸಿನಿಮಾ ಹಾಡು ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್ ಹಿಡಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಬೇಕಾಯಿತು. ತುರ್ತು ಪರಿಸ್ಥಿತಿಯಲ್ಲಂತೂ ಸರ್ಕಾರದ ಪ್ರಚಾರಕ್ಕೆ ಸಹಕರಿಸಲಿಲ್ಲ ಅಂತ 1976ರಲ್ಲಿ ಕಿಶೋರ್ ಕುಮಾರ್ ಹಾಡುಗಳನ್ನೇ ರೇಡಿಯೋದಿಂದ ತೆಗೆದುಹಾಕಿದ್ದರು. ಬೇಕಾದದ್ದು ಮುಂಬಾಗಿಲಲ್ಲಿ ಸಿಗದಿದ್ದರೆ ಜನ ಹಿತ್ತಲಿಗೆ ಹೋಗುತ್ತಾರೆ. ಆಗ ಸಿಲೋನ್, ಈಗ ಟೆಲಿಗ್ರಾಂ ಆ್ಯಪ್.

ಹಿತ್ತಲು ಅಂದೆ ಅಲ್ವಾ. ಈ ಅಂಗಡಿಯ ನಿಜವಾದ ವ್ಯಾಪಾರ ಅದೇ. ಗಾಜಿನ ಕಪಾಟಿನ ತುಂಬ ಪೆನ್‌ಡ್ರೈವ್. ಮೂರು ಸಾವಿರ ಹಾಡಿಗೆ 400 ರೂಪಾಯಿ, ಡ್ರೈವ್ ಸೇರಿ. ರಾಜ್‌ಕುಮಾರ್ ಹಿಟ್ಸ್, ಭಕ್ತಿಗೀತೆ, ಜಾನಪದ, ನೈಂಟೀಸ್ ಮೆಲೊಡಿ, ಎಲ್ಲ ಬೇರೆ ಬೇರೆ ಬಣ್ಣದ ಚೀಟಿ. ನಾನಿದ್ದ ಮುಕ್ಕಾಲು ಗಂಟೆಯಲ್ಲಿ ಕ್ಯಾಸೆಟ್ ತಂದವನು ನಾನೊಬ್ಬನೇ, ಪೆನ್‌ಡ್ರೈವ್‌ಗೆ ಬಂದವರು ಆರು ಜನ. ಇಬ್ಬರು ಕ್ಯಾಬ್ ಓಡಿಸುವವರು, ಒಬ್ಬರು ದೇವಸ್ಥಾನದ ಮೈಕಿಗೆ ಬೇಕು ಅಂದರು.

"ಇದಕ್ಕೆ ಗೂಂಡಾ ಕಾಯ್ದೆ ಹಾಕ್ತಾರಂತಲ್ಲ ಯಜಮಾನ್ರೇ?" ಅಂದೆ, ತಮಾಷೆಗೆ. ಸುಳ್ಳಲ್ಲ, ಕರ್ನಾಟಕದ ಆ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ಕಳ್ಳಭಟ್ಟಿಯವರು, ಜೂಜುಕೋರರ ಜೊತೆ ಆಡಿಯೋ, ವಿಡಿಯೋ ಪೈರಸಿಯವರೂ ಸೇರಿದ್ದಾರೆ. ಕಾಪಿರೈಟ್ ಕಾಯ್ದೆಯಲ್ಲಿ ಬೇರೆ, ಮೂರು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ ಇದೆ. ಯಜಮಾನರು ನಗಲಿಲ್ಲ. "ಫೋನಲ್ಲೇ ಎಲ್ಲ ಇಳಿಸ್ಕೊಳ್ತಾರೆ ಸಾರ್, ಅವ್ರನ್ನ ಯಾರು ಹಿಡೀತಾರೆ? ನಾವು ಬೋರ್ಡ್ ಹಾಕ್ಕೊಂಡು ಕೂತಿದೀವಿ, ನಾವ್ ಸಿಗ್ತೀವಿ" ಅಂದರು. ಉತ್ತರ ಹೊಳೆಯದೆ ನಾನು ರಸೀದಿ ಕೇಳಿದೆ. ಕೊಡಲಿಲ್ಲ.

ಐದು ವಾರ ಆದ ಮೇಲೆ ಫೈಲ್‌ಗಳು ಬಂದವು. ಮನೆಗೆ ತಂದು ಹಾಕಿದರೆ ಎರಡು ಎಡವಟ್ಟು.

ಒಂದು, ಶ್ರುತಿ. ಏಳು ಕ್ಯಾಸೆಟ್‌ಗಳಲ್ಲಿ ಗಾಯಕರು ಯಾಕೋ ಅವಸರದಲ್ಲಿ ಇದ್ದ ಹಾಗಿತ್ತು. ಫೋನಿನ ಶ್ರುತಿಪೆಟ್ಟಿಗೆ ಆ್ಯಪ್ ಹಿಡಿದು ನೋಡಿದೆ. ಒಬ್ಬರೇ ವಿದ್ವಾಂಸರು ಒಂದು ಕ್ಯಾಸೆಟ್‌ನಲ್ಲಿ ಸಿ, ಇನ್ನೊಂದರಲ್ಲಿ ಸಿ ಶಾರ್ಪ್! 45 ನಿಮಿಷದ ಬದಿ 42 ನಿಮಿಷ ಚಿಲ್ಲರೆಗೆ ಮುಗಿದಿತ್ತು. ಅಂದರೆ ಅವರ ಎರಡನೇ ಡೆಕ್ (ಕ್ಯಾಸೆಟ್ ಓಡಿಸುವ ಯಂತ್ರ) ಸ್ವಲ್ಪ ಜೋರಾಗಿ ಓಡುತ್ತಿದೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಾದರೆ ಸಾಕು, ಅರ್ಧ ಸ್ವರ ಏರುತ್ತದೆ. ಸಿನಿಮಾ ಹಾಡಾಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲವೇನೋ.

ಎರಡನೇದು ಇನ್ನೂ ಕೆಟ್ಟದ್ದು. ಎಲ್ಲ ಫೈಲೂ ನೇರವಾಗಿ ಆಲಾಪನೆಯಿಂದ ಶುರು. ಉದ್ಘೋಷಕಿಯ ಮಾತೇ ಇಲ್ಲ. ಹಾಡು ಮುಗಿದ ಕೂಡಲೇ ಫೈಲೂ ಮುಗಿಯುತ್ತದೆ. ಹುಡುಗ ಬಹಳ ಮುತುವರ್ಜಿಯಿಂದ "ಡಿಸ್ಟರ್ಬೆನ್ಸ್ ಎಲ್ಲ ಕಟ್ ಮಾಡಿದೀನಿ ಸಾರ್" ಅಂದಿದ್ದ. ಅವನು ಕಟ್ ಮಾಡಿದ್ದು ಯಾವುದನ್ನು ಅಂದರೆ, "ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು, ಘಟದಲ್ಲಿ ಇಂಥವರು" ಎಂಬ ಆ ಇಪ್ಪತ್ತು ಸೆಕೆಂಡ್. ಅಪ್ಪನ ಚೀಟಿಯಲ್ಲಿ ಗಾಯಕರ ಹೆಸರು ಮಾತ್ರ ಇದೆ. ಪಕ್ಕವಾದ್ಯದವರ ಹೆಸರು ಟೇಪಿನಲ್ಲೇ ಇದೆಯಲ್ಲ, ಬರೆಯೋದು ಯಾಕೆ ಅಂದುಕೊಂಡಿರಬೇಕು.

ಇಲ್ಲಿ ನನಗೆ ಸಿಟ್ಟು ಬಂತು. ಆಕಾಶವಾಣಿಯ ಆಡಿಷನ್ ಕಮಿಟಿ ಕಲಾವಿದರಿಗೆ ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್ ಹಾಕುವುದರ ಬಗ್ಗೆ ಅವರು ಜಗಳ ಆಡಿದ್ದಾರೆ, ಅಧಿಕಾರಿಗಳ ದರ್ಪದ ಕತೆಗಳು ಬೇಕಾದಷ್ಟಿವೆ. ಆದರೆ ಘಟ ಬಾರಿಸಿದವರ ಹೆಸರನ್ನು ಬಿಡದೆ ಹೇಳಿದ್ದು ಆ ಸರ್ಕಾರಿ ರೇಡಿಯೋ ಒಂದೇ. ನಿಮ್ಮ ಫೋನಿನ ದುಬಾರಿ ಆ್ಯಪ್ ತೆಗೆದು ಯಾವುದಾದರೂ ಹಳೆಯ ಕಚೇರಿ ಹಾಕಿ ನೋಡಿ, ಮೃದಂಗ ಯಾರದ್ದು ಅಂತ ಹುಡುಕಿ. ಪೆನ್‌ಡ್ರೈವ್‌ನಲ್ಲಿ "ಕರ್ನಾಟಿಕ್ 047" ಅಂತ ಇರುತ್ತದೆ. ನಮ್ಮ ದಾಸರು ಯಾವ ಕಾಪಿರೈಟೂ ಕೇಳಿದವರಲ್ಲ, ಕೊನೆಯಲ್ಲಿ ಒಂದು ಅಂಕಿತ ಹಾಕಿ ಹಾಡನ್ನು ಊರಿಗೆ ಬಿಟ್ಟರು. ಐನೂರು ವರ್ಷ ಬಾಯಿಂದ ಬಾಯಿಗೆ ಹೋದರೂ ಪುರಂದರವಿಠಲ ಅಳಿಸಿಹೋಗಲಿಲ್ಲ. ಇಲ್ಲಿ ಒಬ್ಬ ಹುಡುಗ ಮೌಸ್ ಎಳೆದು ಡಿಲೀಟ್ ಒತ್ತಿದ್ದಕ್ಕೆ ಮೂವರು ಹೋದರು.

ವಾಪಸ್ ಹೋದೆ. ಪುಣ್ಯಕ್ಕೆ ಜಗಳ ಆಗಲಿಲ್ಲ. ಕಟ್ ಮಾಡದ ಮೂಲ ಫೈಲ್‌ಗಳು ಅವರ ಕಂಪ್ಯೂಟರಿನಲ್ಲೇ ಇದ್ದವು. ಏಳು ಕ್ಯಾಸೆಟ್‌ಗಳನ್ನು ಮೊದಲ ಡೆಕ್‌ನಲ್ಲಿ ಮತ್ತೆ ಹಾಕಿಕೊಟ್ಟರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಎಂಪಿ3 ಬೇಡ, ಕುಗ್ಗಿಸದ ವೇವ್ ಫೈಲ್ ಬೇಕು ಅಂದಾಗ ಮುಖ ಸ್ವಲ್ಪ ಸಣ್ಣದಾಯಿತು, ಯಾಕಂದರೆ ಅದು ನಿಮಿಷಕ್ಕೆ ಹತ್ತು ಎಂಬಿ ತಿನ್ನುತ್ತದೆ, ಒಟ್ಟು 30 ಜಿಬಿ ಆಯಿತು. ಕೊಟ್ಟರು. ಇದಕ್ಕೆ ಒಂದು ಸ್ಟಾರ್.

ಮನೆಗೆ ಬಂದು ರಾತ್ರಿ ಹಾಕಿದೆ. ಉದ್ಘೋಷಕಿ ಹೆಸರುಗಳನ್ನು ಹೇಳುತ್ತಾರೆ, ಒಂದು ಕ್ಷಣ ನಿಶ್ಶಬ್ದ, ತಂಬೂರಿ. ಚೀಟಿಗಳ ಮೇಲೆ ನಾನೀಗ ಪೆನ್ಸಿಲ್‌ನಲ್ಲಿ ಪಕ್ಕವಾದ್ಯದವರ ಹೆಸರು ಬರೆಯುತ್ತಿದ್ದೇನೆ. 38ರಲ್ಲಿ 31 ಸಿಕ್ಕಿವೆ. ಉಳಿದವುಗಳಲ್ಲಿ ಅಪ್ಪ ರೆಕಾರ್ಡ್ ಬಟನ್ ಒತ್ತಿದ್ದು ತಡವಾಗಿದೆ.

ಇನ್ನು ಅರ್ಧ ಸ್ಟಾರಿನ ಕತೆ. ಹೊರಡುವಾಗ ಯಜಮಾನರು ಮೆಲ್ಲಗೆ ಕೇಳಿದರು: "ಸಾರ್, ಒಂದು ಕಾಪಿ ನಾನಿಟ್ಕೊಳ್ಲಾ? ಇಂಥಾದ್ದು ಎಲ್ಲೂ ಸಿಗಲ್ಲ. ಕೇಳ್ಕೊಂಡ್ ಬರೋರಿದಾರೆ." ಕೇಳದೆಯೇ ಇಟ್ಟುಕೊಳ್ಳಬಹುದಿತ್ತು. ಕೇಳಿದರಲ್ಲ, ಅದಕ್ಕೆ ಅರ್ಧ.

ಬೇಡ ಅಂದೆ. ಸ್ವಂತಕ್ಕೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ, 1957ರ ಕಾಪಿರೈಟ್ ಕಾಯ್ದೆಯ 39ನೇ ಕಲಮಿನಲ್ಲೇ ಹಾಗಿದೆ. ಅಪ್ಪ ಕಳ್ಳ ಅಲ್ಲ. ಅದನ್ನೇ ಪೆನ್‌ಡ್ರೈವ್‌ಗೆ ತುಂಬಿ 400 ರೂಪಾಯಿಗೆ ಮಾರಿದರೆ ಬೇರೆ ಲೆಕ್ಕ. ಪ್ರಸಾರ ಮಾಡಿದವರ ಹಕ್ಕು ಈಗಿನ ಕಾಯ್ದೆಯಲ್ಲಿ 25 ವರ್ಷ, ಹಾಡಿದವರದ್ದು 50 ವರ್ಷ. ಆ ಘಟದವರ ಮೊಮ್ಮಗನಿಗೆ ಒಂದು ರೂಪಾಯಿ ಹೋಗದ ವ್ಯಾಪಾರಕ್ಕೆ ಅಪ್ಪನ ಟೇಪು ಬಂಡವಾಳ ಆಗುವುದು ನನಗೆ ಸರಿ ಕಾಣಲಿಲ್ಲ. ಯಜಮಾನರು ಸರಿ ಸಾರ್ ಅಂದರು. ಡಿಲೀಟ್ ಮಾಡಿದರೋ ಇಲ್ಲವೋ, ಆ ಮಂಜುನಾಥನೇ ಬಲ್ಲ.

ಮೆಟ್ಟಿಲು ಇಳಿಯುವಾಗಲೇ ಮನಸ್ಸು ಚುರುಕ್ ಅಂದಿತು ಅನ್ನುವುದೂ ನಿಜ. ನಾನೂ ಬೀರುವಿನಲ್ಲಿಟ್ಟರೆ ಕೇಳುವವರು ಯಾರು? ಸರ್ಕಾರ ಕಾಪಾಡಿದ್ದು ಆಗಾಗ ಹೊರಗೆ ಬರುತ್ತಿದೆ, ಆಕಾಶವಾಣಿ ತನ್ನ ಸಂಗ್ರಹದಿಂದ ಸಿಡಿ ಮಾಡಿ ಮಾರಿದ್ದುಂಟು, ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಈಗ ಯೂಟ್ಯೂಬಿನಲ್ಲೂ ಹಳೆಯದನ್ನು ಹಾಕುತ್ತದೆ. 2016ರ ಜನವರಿ 26ರಿಂದ ಬೆಂಗಳೂರಿನಿಂದಲೇ ಆಕಾಶವಾಣಿಯ ರಾಗಂ ವಾಹಿನಿ 24 ಗಂಟೆ ಶಾಸ್ತ್ರೀಯ ಸಂಗೀತ ಕೊಡುತ್ತಿದೆ, ಫೋನಿನಲ್ಲೇ ಕೇಳಬಹುದು, ದುಡ್ಡಿಲ್ಲ. ನಮ್ಮ ಮನೆಯಲ್ಲಿ ಅಡುಗೆ ಆಗುವಷ್ಟು ಹೊತ್ತೂ ಅದೇ. ಆದರೆ ನನಗೆ ಬೇಕಾದ ಆ ಅರ್ಧ ತೋಡಿಯನ್ನು ನಾನು ಕೇಳಿದಾಗ ಹಾಕು ಅಂದರೆ ರೇಡಿಯೋ ಹಾಕುತ್ತದಾ? ಅದಕ್ಕೇ ಜನ ಈ ಮಹಡಿ ಹತ್ತುವುದು. ಅಂದಹಾಗೆ ಆ ತೋಡಿಯನ್ನು ಚಿಕ್ಕಪ್ಪನಿಗೂ ಮೈಸೂರಿನ ಅತ್ತೆಗೂ ಅವತ್ತು ರಾತ್ರಿಯೇ ವಾಟ್ಸಾಪ್ ಮಾಡಿದೆ, ಈಗ ಅದು ಎಷ್ಟು ಗ್ರೂಪ್ ದಾಟಿದೆಯೋ ಗೊತ್ತಿಲ್ಲ. ಬೈಯುವವರು ಬೈಯಬಹುದು.

ಹೋಗುವವರಿಗೆ ಎರಡು ಮಾತು. ನಿಮ್ಮ ಹಾರ್ಡ್ ಡಿಸ್ಕ್ ನೀವೇ ತೆಗೆದುಕೊಂಡು ಹೋಗಿ, ಅವರದ್ದು ಕೊಂಡರೆ ದುಬಾರಿ. "ಏನೂ ಕಟ್ ಮಾಡಬೇಡಿ, ಮಾತೂ ಇರಲಿ" ಅಂತ ಚೀಟಿ ಬರೆದು ಪ್ರತಿ ಕ್ಯಾಸೆಟ್‌ಗೂ ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ಮೊದಲ ಡೆಕ್‌ನಲ್ಲೇ ಹಾಕಿ ಅಂತ ಹೇಳಿ. ಮಧ್ಯಾಹ್ನ ಎರಡರಿಂದ ನಾಲ್ಕು ಊಟದ ಹೊತ್ತು, ಆಗ ಹುಡುಗ ಮಾತ್ರ ಇರುತ್ತಾನೆ, ಕ್ಯಾಸೆಟ್ ಅವನ ಕೈಗೆ ಕೊಡಬೇಡಿ.