"ಒಂದೇ ಗಂಟೆಯಲ್ಲಿ ಫಿಕ್ಸ್ ಹಲ್ಲು" ಎಂಬ ಬೋರ್ಡ್ ಕಂಡರೆ ಒಳಗೆ ಹೋಗಬೇಡಿ

ಅಮ್ಮನಿಗೆ 66 ವರ್ಷ. ಊರು ಕಡೂರಿನ ಹತ್ತಿರ. ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಹೋದ ವರ್ಷ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಲ್ಲಾಡಿ ಅಲ್ಲಾಡಿ ತಾವಾಗಿಯೇ ಬಿದ್ದವು. "ವಯಸ್ಸಾಯ್ತಲ್ಲ, ಬೀಳದೆ ಇರ್ತಾವಾ" ಅಂದಳು ಅಮ್ಮ. ನಾನೂ ಹೌದು ಅಂದುಕೊಂಡೆ. ನಮ್ಮ ಮೊದಲ ತಪ್ಪು ಅದೇ.

ಎರಡು ತಿಂಗಳಲ್ಲಿ ಅಣ್ಣನ ಮಗಳ ಮದುವೆ ಇತ್ತು. ಬಾಯಿ ಬಿಟ್ಟು ನಗಲು ಅಮ್ಮನಿಗೆ ಸಂಕೋಚ. ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಚಿಕ್ಕಮ್ಮನ ಊರಿಗೆ ಹೋದಾಗ ಬಸ್ ಸ್ಟ್ಯಾಂಡ್ ಪಕ್ಕದ ಒಂದು ಅಂಗಡಿ ಕಣ್ಣಿಗೆ ಬಿತ್ತು. ಬೋರ್ಡ್ ಮೇಲೆ ದೊಡ್ಡ ಹಲ್ಲುಸಾಲಿನ ಚಿತ್ರ, "ಒಂದೇ ಗಂಟೆಯಲ್ಲಿ ಫಿಕ್ಸ್ ಹಲ್ಲು" ಅಂತ ಬರಹ. ಡಾಕ್ಟರ ಹೆಸರಿಲ್ಲ, ಓದು ಏನು ಅಂತಲೂ ಇಲ್ಲ. 2,500 ರೂಪಾಯಿ ಕೊಟ್ಟು ಅಮ್ಮ ಹಲ್ಲು ಕಟ್ಟಿಸಿಕೊಂಡು ಬಂದಳು. ಮದುವೆಯ ಫೋಟೋದಲ್ಲಿ ಎಷ್ಟು ಚೆನ್ನಾಗಿ ನಕ್ಕಿದ್ದಾಳೆ ಅಂದರೆ, ಈಗ ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅಲ್ಲಿ ಏನು ಮಾಡಿದರು ಅಂತ ಆಮೇಲೆ ಅಮ್ಮನನ್ನೇ ಕೇಳಿ ತಿಳಿದುಕೊಂಡೆ. ಅಂಗಡಿಯವನು ಬಿಳಿ ಪುಡಿಗೆ ಘಾಟು ವಾಸನೆಯ ದ್ರವ ಹಾಕಿ ಕಲಸಿದನಂತೆ. ರೆಡಿಮೇಡ್ ಹಲ್ಲು ಎರಡನ್ನು ಜಾಗದಲ್ಲಿಟ್ಟು, ಅಕ್ಕಪಕ್ಕದ ಒಳ್ಳೆಯ ಹಲ್ಲುಗಳಿಗೆ ತಂತಿ ಸುತ್ತಿ, ಕಲಸಿದ್ದನ್ನು ಅದರ ಮೇಲೆ, ಒಸಡಿನ ಮೇಲೆ ನೇರವಾಗಿ ಮೆತ್ತಿದನಂತೆ. ಗಟ್ಟಿಯಾಗುವಾಗ ಬಾಯಿ ಸುಟ್ಟ ಹಾಗಾಯಿತಂತೆ. ಅದು ಅಕ್ರಿಲಿಕ್, ಒಂದು ಬಗೆಯ ಪ್ಲಾಸ್ಟಿಕ್. ಗಟ್ಟಿಯಾಗುವಾಗ ಬಿಸಿಯಾಗುವುದು ಅದರ ಗುಣ. ಸರಿಯಾದ ಡಾಕ್ಟರು ಹಲ್ಲು ಸೆಟ್ ಮಾಡುವಾಗ ಮೊದಲು ಬಾಯಿಯ ಅಳತೆಯ ಅಚ್ಚು ತೆಗೆಯುತ್ತಾರೆ. ಸೆಟ್ ತಯಾರಾಗುವುದು ಬಾಯಿಯ ಹೊರಗೆ, ಲ್ಯಾಬಿನಲ್ಲಿ. ಅದಕ್ಕೆ ನಾಲ್ಕೈದು ಸಲ ಹೋಗಬೇಕಾಗುತ್ತದೆ. ಬಾಯೊಳಗೇ ಮೆತ್ತಿ ಅಂಟಿಸಿ ಕಳಿಸುವ ಪದ್ಧತಿ ಇಲ್ಲ.

ಇನ್ನೊಂದು ಮಾತು. ಸಕ್ಕರೆ ಇದೆಯಾ, ಬಿಪಿ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೋತೀರಾ ಅಂತ ಅವನು ಒಂದು ಮಾತೂ ಕೇಳಲಿಲ್ಲ.

ಮೂರ್ನಾಲ್ಕು ತಿಂಗಳಿಗೆ ಅಮ್ಮನ ಬಾಯಿ ವಾಸನೆ ಬರತೊಡಗಿತು. ಹಲ್ಲುಜ್ಜಿದರೆ ರಕ್ತ. ನೋವು ಮಾತ್ರ ಜಾಸ್ತಿ ಇರಲಿಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ. ನಾನು ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. "ಹಿಂಗೇ ರುಚಿ ಕಣೆ" ಅಂದಳು. ನಂಬಿದೆ. ಅದೇ ಹೊತ್ತಿಗೆ ಖಾಲಿ ಹೊಟ್ಟೆಯ ಸಕ್ಕರೆ 140ರ ಆಸುಪಾಸಿನಿಂದ 210ಕ್ಕೆ ಹೋಗಿತ್ತು. ಊರಿನ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ಅಮ್ಮ ಸಿಹಿ ತಿನ್ನುತ್ತಿದ್ದಾಳೆ ಅಂತ ಮನೆಯವರೆಲ್ಲ ಬೈದೆವು. ಬಾಯಿ ತೆರೆಸಿ ನೋಡಿದವರು ಒಬ್ಬರೂ ಇಲ್ಲ.

ಒಂದು ಬೆಳಿಗ್ಗೆ ಮೇಲ್ತುಟಿ ಮೂಗಿನವರೆಗೆ ಊದಿಕೊಂಡಿತು. ಜ್ವರ ಬಂತು. ಅಣ್ಣ ಅವಳನ್ನು ದಾವಣಗೆರೆಗೆ, ದಂತ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನೂ ಬೆಂಗಳೂರಿನಿಂದ ಹೋದೆ. ಅಲ್ಲಿ ಆ ಗಟ್ಟಿ ಉಂಡೆಯನ್ನು ಮೆಷಿನ್ನಿನಲ್ಲಿ ಚೂರು ಚೂರಾಗಿ ಕೊರೆದು ತೆಗೆಯಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಅದರಡಿಯ ಒಸಡು ಹಣ್ಣಾಗಿತ್ತು. ತಂತಿ ಒಸಡಿನೊಳಗೆ ಇಳಿದಿತ್ತು. ಕೀವು, ಕೊಳೆತ ಅನ್ನದ ಕಣ. ಎಕ್ಸ್‌ರೇಯಲ್ಲಿ ಅಕ್ಕಪಕ್ಕದ ಹಲ್ಲುಗಳ ಬೇರಿನ ಸುತ್ತ ಮೂಳೆ ಉಳಿದೇ ಇರಲಿಲ್ಲ. ಎರಡು ಹಲ್ಲಿನ ಜಾಗ ತುಂಬಲು ಹೋಗಿ, ಗಟ್ಟಿಯಾಗಿದ್ದ ಇನ್ನೂ ಮೂರು ಹಲ್ಲನ್ನು ಕೀಳಿಸಬೇಕಾಯಿತು. ಕನ್ನಡಿ ನೋಡಿಕೊಂಡು ಅಮ್ಮ ಅತ್ತಿದ್ದು ನನಗೆ ಮರೆಯುವುದಿಲ್ಲ.

ಡಾಕ್ಟರಮ್ಮ ಒಬ್ಬರು ತಾಳ್ಮೆಯಿಂದ ಎಲ್ಲ ಹೇಳಿದರು. ವಯಸ್ಸಾಯಿತು ಅನ್ನುವ ಒಂದೇ ಕಾರಣಕ್ಕೆ ಹಲ್ಲು ಬೀಳುವುದಿಲ್ಲವಂತೆ. ಹಲ್ಲಿನ ಬುಡದ ಪಾಚಿ ಗಾರೆಯಂತೆ ಗಟ್ಟಿಯಾಗಿ, ಒಸಡು ಬಾತು, ಒಳಗಿನ ಮೂಳೆ ಸದ್ದಿಲ್ಲದೆ ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಬೇಗ ಆಗುತ್ತದೆ. ಒಸಡಿನಲ್ಲಿ ಸೋಂಕಿದ್ದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಅಂದರೆ ಅಮ್ಮನ ಮೊದಲ ಎರಡು ಹಲ್ಲು ಅಲ್ಲಾಡಿದಾಗಲೇ ಒಸಡಿನ ಕಾಯಿಲೆ ಬಲಿತಿತ್ತು. ಬ್ರಷ್ ಹೋಗದ ಹಾಗೆ ಅದರ ಮೇಲೆ ಅಕ್ರಿಲಿಕ್ ಮುಚ್ಚಿ ಬಂದೆವು. ಬಾಯಿಗೆ ಚಿಕಿತ್ಸೆ ಆದ ಮೇಲೆ ಅಮ್ಮನ ಸಕ್ಕರೆ 150ರೊಳಗೆ ಬಂತು. ಜಾಸ್ತಿ ಮಾಡಿದ್ದ ಮಾತ್ರೆಯೂ ಅದಕ್ಕೆ ಕಾರಣ ಇರಬಹುದು, ಆದರೆ ಬೈದದ್ದಕ್ಕೆ ನಾನು ಅಮ್ಮನ ಕ್ಷಮೆ ಕೇಳಿದೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಅದನ್ನೂ ಕೇಳಿದೆ. ಹಲ್ಲು ಮೊದಲೇ ಸಡಿಲವಾಗಿರುತ್ತದಂತೆ. ಗಾರೆ ಅದನ್ನು ಹಿಡಿದುಕೊಂಡಿರುತ್ತದೆ. ಗಾರೆ ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೇ. ಆ ಮಾತು ನಂಬಿ ಅಮ್ಮ ಒಂದು ಸಲವೂ ಕ್ಲೀನಿಂಗ್ ಮಾಡಿಸಿರಲಿಲ್ಲ. ಜೊತೆಗೆ ಎಲೆ ಅಡಿಕೆ, ಕಡ್ಡಿಪುಡಿ. ಅದನ್ನು ಬಿಡಿಸುವುದು ಇನ್ನೂ ನಡೆದಿದೆ. ಬಾಯಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಎದ್ದು ಎರಡು ವಾರವಾದರೂ ಹೋಗದಿದ್ದರೆ ಕೂಡಲೇ ಬರಬೇಕು ಅಂತ ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದರು.

ದಯವಿಟ್ಟು ಹಲ್ಲಿಗೆ ಕೈ ಹಾಕುವವರು ಯಾರು ಅಂತ ಮೊದಲು ನೋಡಿ. ನಮ್ಮ ದೇಶದಲ್ಲಿ 1948ರಲ್ಲೇ ದಂತವೈದ್ಯರ ಕಾಯ್ದೆ ಬಂತು. ನೋಂದಣಿ ಇಲ್ಲದವರು ಹಲ್ಲಿನ ವೈದ್ಯ ಮಾಡುವ ಹಾಗಿಲ್ಲ. ಹಲ್ಲಿನ ಡಾಕ್ಟರ ಓದು, ಅಂದರೆ ಬಿಡಿಎಸ್ ಅಥವಾ ಎಂಡಿಎಸ್ ಆಗಿದೆಯಾ, ನೋಂದಣಿ ಸಂಖ್ಯೆ ಏನು ಅಂತ ಕೇಳಿ. ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ ದಂತ ಕಾಲೇಜಿಗೆ ಹೋಗಿ. ಬೆಂಗಳೂರು, ಮೈಸೂರು, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ ಎಲ್ಲ ಕಡೆ ಇವೆ. ಹೊರಗಿಗಿಂತ ಖರ್ಚು ಕಡಿಮೆ. ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲು ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ಬಿಪಿಎಲ್ ಕಾರ್ಡ್ ಇದ್ದರೆ ಅದರ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಇದೆಲ್ಲ ನಮಗೆ ಮೊದಲೇ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು! 2,500ರಲ್ಲಿ ಮುಗಿಯಿತು ಅಂದುಕೊಂಡದ್ದು, ಓಡಾಟ ಎಲ್ಲ ಸೇರಿ 20,000 ದಾಟಿತು.

ಗಾಯ ಮಾಯಲು ಮೂರು ತಿಂಗಳು ಕಾದ ಮೇಲೆ ಅಮ್ಮನಿಗೆ ತೆಗೆದು ಹಾಕುವ ಸೆಟ್ ಮಾಡಿಕೊಟ್ಟಿದ್ದಾರೆ. ರಾತ್ರಿ ತೆಗೆದು ಮೆತ್ತನೆಯ ಬ್ರಷ್ಷಿನಲ್ಲಿ ತೊಳೆದು ತಣ್ಣೀರಿನ ಬಟ್ಟಲಲ್ಲಿ ಇಡುತ್ತಾಳೆ. ಬಿಸಿನೀರು ಹಾಕಿದರೆ ಸೆಟ್ಟಿನ ಆಕಾರ ಕೆಡುತ್ತದೆ. ಉಳಿದ ಹಲ್ಲಿಗೆ ಆರು ತಿಂಗಳಿಗೊಮ್ಮೆ ತಪಾಸಣೆ.

ಒಂದು ವಿಷಯ ಮಾತ್ರ ಅಮ್ಮನ ಮನಸ್ಸಿನಿಂದ ಹೋಗಿಲ್ಲ. ಮದುವೆಮನೆಯಲ್ಲಿ ಅವಳ ಹಲ್ಲು ನೋಡಿ ಇಬ್ಬರು ಕೇಳಿದ್ದರು, ಎಲ್ಲಿ ಕಟ್ಟಿಸಿದಿರಿ ಅಂತ. ಇವಳೇ ಆ ಅಂಗಡಿಯ ದಾರಿ ಹೇಳಿ ಕಳಿಸಿದ್ದಳು. ಆಸ್ಪತ್ರೆಯಿಂದ ಬಂದ ದಿನವೇ ಇಬ್ಬರಿಗೂ ಫೋನ್ ಮಾಡಿದಳು. ಒಬ್ಬರು ಹೋಗಿ ತೆಗೆಸಿಕೊಂಡರು. ಇನ್ನೊಬ್ಬರು "ನಂಗೇನೂ ನೋವಿಲ್ಲ ಬಿಡಿ ಅಕ್ಕ" ಅನ್ನುತ್ತಿದ್ದಾರೆ. ಅಮ್ಮ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡುತ್ತಲೇ ಇದ್ದಾಳೆ.