ಅಗ್ಗದ ಇಂಕ್ ತುಂಬಿಸುವ ಮುನ್ನ ಪ್ರಿಂಟರಿನ ಹೆಡ್ ಎಲ್ಲಿದೆ ಎಂದು ನೋಡಿಕೊಳ್ಳಿ

ಇಂಕ್‌ಜೆಟ್ ಪ್ರಿಂಟರಿಗೆ ಬೇರೆ ಕಂಪನಿಯ ಇಂಕ್ ಹಾಕಿಸುವುದೇ ತಪ್ಪು ಎಂದು ನಾನು ಹೇಳಲಾರೆ. ಅಸಲಿ ಕಾರ್ಟ್ರಿಜ್‌ನ ಬೆಲೆ ಕೇಳಿದ ಯಾರಿಗಾದರೂ ಆ ಯೋಚನೆ ಬರುವುದು ಸಹಜ. ಆದರೆ ಯಾವ ಬಗೆಯ ಪ್ರಿಂಟರಿಗೆ ಹಾಕಿಸಿದರೆ ಎಷ್ಟು ದೊಡ್ಡ ನಷ್ಟವಾಗಬಹುದೆಂಬುದನ್ನು ಮಾರುವವರು ತಿಳಿಸುವುದಿಲ್ಲವಾದ್ದರಿಂದ, ನಮ್ಮ ಅಂಗಡಿಯಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಾಲ್ಲೂಕು ಕಚೇರಿಯ ಎದುರಿನ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ನಮೂನೆಗಳಿಗೂ ಪಾಸ್‌ಪೋರ್ಟ್ ಅಳತೆಯ ಫೋಟೋಗಳಿಗೂ ಒಂದೇ ಇಂಕ್ ಟ್ಯಾಂಕ್ ಪ್ರಿಂಟರ್ ಇತ್ತು. ಇಂಕ್ ಮಾರುವವರೊಬ್ಬರು ಎಲ್ಲ ಮಾಡೆಲಿಗೂ ಆಗುತ್ತದೆಂದು ಭರವಸೆ ಕೊಟ್ಟು, ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಇಂಕಿನ ಮೇಲೆಯೇ ತಮ್ಮ ಬಾಟಲಿಗಳಿಂದ ಸುರಿದು ಹೋದರು. ಆ ಪ್ರಿಂಟರಿನ ಅಸಲಿ ಕಪ್ಪು ಪಿಗ್ಮೆಂಟ್ ಇಂಕ್. ಅವರು ತಂದದ್ದು ಡೈ ಇಂಕ್. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣವು ಕರಗದ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ, ಡೈ ಇಂಕಿನಲ್ಲಿ ಪೂರ್ತಿ ಕರಗಿರುತ್ತದೆ. ಹೊಂದಿಕೆಯಾಗದ ಎರಡನ್ನು ಬೆರೆಸಿದರೆ ಆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಬಹುದು, ಮತ್ತು ಅವು ಹಾದುಹೋಗಬೇಕಾದ ಹೆಡ್ಡಿನ, ಅಂದರೆ ಕಾಗದದ ಮೇಲೆ ಇಂಕ್ ಚಿಮ್ಮಿಸುವ ಭಾಗದ, ರಂಧ್ರಗಳು ತಲೆಗೂದಲಿಗಿಂತಲೂ ಸಣ್ಣವು.

ಮೊದಮೊದಲು ಯಾವ ವ್ಯತ್ಯಾಸವೂ ಕಾಣಲಿಲ್ಲ. ಆಮೇಲೆ ಅಕ್ಷರಗಳ ನಡುವೆ ಅಡ್ಡಡ್ಡಲಾಗಿ ಬಿಳಿ ಗೆರೆ ಮೂಡತೊಡಗಿತು. ಹೆಡ್ಡಿನ ರಂಧ್ರಗಳು ತೆರೆದಿವೆಯೇ ಎಂದು ತೋರಿಸುವ ನಾಝಲ್ ಚೆಕ್ ಪುಟ ತೆಗೆದರೆ, ಮೆಟ್ಟಿಲಿನಂತೆ ಸಾಲಾಗಿ ಬರಬೇಕಾದ ಕಪ್ಪು ಗೆರೆಗಳಲ್ಲಿ ಅಲ್ಲಲ್ಲಿ ಖಾಲಿ. ಇಂಕ್ ಹೀರಿ ರಂಧ್ರಗಳನ್ನು ಬಿಡಿಸುವ ಹೆಡ್ ಕ್ಲೀನಿಂಗ್ ಕೊಟ್ಟಾಗ ಒಂದು ಕಡೆ ಗೆರೆ ತುಂಬಿದರೆ ಇನ್ನೊಂದು ಕಡೆ ಹೋಗುತ್ತಿತ್ತು. ಪ್ರತಿ ಕ್ಲೀನಿಂಗಿನಲ್ಲೂ ಹೀರಿದ ಇಂಕ್ ಪ್ರಿಂಟರಿನ ತಳದಲ್ಲಿರುವ ವೇಸ್ಟ್ ಪ್ಯಾಡಿಗೆ ಹೋಗುತ್ತದೆ. ಪ್ಯಾಡ್ ತುಂಬಿತೆಂದು ಯಂತ್ರ ಲೆಕ್ಕ ಹಾಕಿದ ದಿನ, ಹೆಡ್ ಸರಿಯಿದ್ದರೂ, ಮುದ್ರಣವೇ ನಿಂತುಬಿಡುತ್ತದೆ.

ಸರ್ವೀಸ್ ಸೆಂಟರಿನ ಹುಡುಗ ಹೆಡ್ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದಾಗ, ಬಟ್ಟೆಯ ಮೇಲೆ ಕಾಡಿಗೆಯಂತಹ ಮಂದ ಮಸಿ ಎದ್ದು ಬಂತು. ಹೊಸ ಹೆಡ್ಡಿಗೆ ಅವರು ಹೇಳಿದ ಬೆಲೆ ಹೊಸ ಪ್ರಿಂಟರಿನ ಬೆಲೆಯ ಹತ್ತಿರಕ್ಕೇ ಬಂದಿತ್ತು. ಹೊರಗಿನ ಇಂಕಿನಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಇಂಕ್ ಮಾರಿದವರನ್ನು ಕೇಳೋಣವೆಂದರೆ ಅವರು ಬಿಲ್ ಕೊಟ್ಟಿರಲಿಲ್ಲ. ಬಾಟಲಿಯ ಮೇಲೆ ತಯಾರಕರ ಹೆಸರಾಗಲಿ, ತಯಾರಾದ ದಿನಾಂಕವಾಗಲಿ ಇರಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ನೋವು ತಂದದ್ದು ಗಿರಾಕಿಗಳಿಗಾದ ತೊಂದರೆ. ನಮ್ಮಲ್ಲಿ ಮುದ್ರಿಸಿಕೊಂಡ ಅರ್ಜಿಯ ಮೇಲೆ ಮಳೆಹನಿ ಬಿದ್ದು, ಸರ್ವೆ ನಂಬರ್ ಇದ್ದ ಸಾಲು ನೀಲಿ ಅಂಚಿನ ಕಲೆಯಾಗಿ ಹರಡಿದ್ದನ್ನು ಒಬ್ಬ ಹಿರಿಯರು ತಂದು ತೋರಿಸಿದರು. ಪಿಗ್ಮೆಂಟ್ ಕಪ್ಪು ಒಣಗಿದ ಮೇಲೆ ನೀರಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬಿಸಿಲು ಬೀಳುವ ಕಡೆ ಇಟ್ಟಿದ್ದ ಕೆಲವು ಫೋಟೋಗಳಲ್ಲಿ ಕೆಂಪು ಮಾಸಿ ಮುಖಗಳು ಹಸಿರು ಛಾಯೆಗೆ ತಿರುಗಿದ್ದವು. ವರ್ಷಗಟ್ಟಲೆ ಕಡತದಲ್ಲಿ ಉಳಿಯಬೇಕಾದ ಕಾಗದಕ್ಕೆ ಇಂತಹ ಇಂಕ್ ಬಳಸುವುದು ಜನರಿಗೆ ಮಾಡುವ ಅನ್ಯಾಯ.

ಆದ್ದರಿಂದ ಮೊದಲು ಹೆಡ್ ಎಲ್ಲಿದೆ ಎಂದು ನೋಡಿಕೊಳ್ಳಿ. ಎಚ್‌ಪಿ, ಕ್ಯಾನನ್ ಕಂಪನಿಗಳ ಕಡಿಮೆ ಬೆಲೆಯ ಹಲವು ಮಾಡೆಲುಗಳಲ್ಲಿ ಹೆಡ್ ಕಾರ್ಟ್ರಿಜ್‌ನಲ್ಲೇ ಇರುತ್ತದೆ. ಅಲ್ಲಿ ರೀಫಿಲ್ ಕೆಟ್ಟರೆ ಸಾಮಾನ್ಯವಾಗಿ ಹೋಗುವುದು ಆ ಕಾರ್ಟ್ರಿಜ್ ಮಾತ್ರ. ಆದರೆ ಅಂಥ ಹೆಡ್ಡುಗಳು ಇಂಕನ್ನು ಕ್ಷಣಾರ್ಧದಲ್ಲಿ ಕಾಯಿಸಿ ಚಿಮ್ಮಿಸುವುದರಿಂದ, ಇಂಕ್ ಪೂರ್ತಿ ಮುಗಿದ ಮೇಲೂ ಮುದ್ರಿಸುತ್ತಾ ಹೋದರೆ ಸುಟ್ಟುಹೋಗುತ್ತವೆ. ಅಂಥದ್ದಕ್ಕೆ ಎಷ್ಟು ಇಂಕ್ ತುಂಬಿಸಿದರೂ ಪ್ರಯೋಜನವಿಲ್ಲ. ಎಪ್ಸನ್, ಬ್ರದರ್ ಪ್ರಿಂಟರುಗಳಲ್ಲಿ ಹೆಡ್ ಯಂತ್ರದ ಭಾಗವೇ ಆಗಿರುವುದರಿಂದ ಅಪಾಯ ಹೆಚ್ಚು. ಚಿಪ್ ಇರುವ ಕಾರ್ಟ್ರಿಜ್‌ಗಳಿಗೆ ಇನ್ನೊಂದು ತೊಡಕೂ ಇದೆ: 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಪ್ರಿಂಟರುಗಳು ಫರ್ಮ್‌ವೇರ್‌ನ (ಯಂತ್ರದೊಳಗಿನ ತಂತ್ರಾಂಶದ) ಕಾರಣದಿಂದ, ಅದುವರೆಗೆ ನಡೆಯುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ನಿರಾಕರಿಸಿದವು.

ಹೊರಗಿನ ಇಂಕ್ ಅನಿವಾರ್ಯವಾದರೆ ನಿಮ್ಮ ಮಾಡೆಲಿನ ಹೆಸರು, ಪಿಗ್ಮೆಂಟೋ ಡೈಯೋ ಎಂಬ ವಿವರ, ತಯಾರಕರ ವಿಳಾಸ ಬಾಟಲಿಯ ಮೇಲೆ ಇರುವುದನ್ನೇ ಕೊಳ್ಳಿ, ಬಿಲ್ ಪಡೆಯದೆ ಹಣ ಕೊಡಬೇಡಿ. ಈಗಾಗಲೇ ಗೆರೆ ಬೀಳುತ್ತಿದ್ದರೆ ಒಂದರ ಮೇಲೊಂದು ಕ್ಲೀನಿಂಗ್ ಕೊಡುತ್ತಾ ಹೋಗಬೇಡಿ. ಒಂದೆರಡು ಸಲ ಕೊಟ್ಟು, ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ನಾಝಲ್ ಚೆಕ್ ತೆಗೆದು ನೋಡಿ. ಆಗಲೂ ಗೆರೆ ತುಂಬದಿದ್ದರೆ ಹೆಡ್ ತೊಳೆಯಲು ಬಲ್ಲವರ ಬಳಿ ಪ್ರಿಂಟರನ್ನು ಒಯ್ಯಿರಿ, ಇಂಕಿನ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.